ಡಾಕ್‌ಗೆ ಕೂರಿಸಿದ ಮೇಲೆ ಕಾರ್ಡ್ ಕೆಲಸ ಮಾಡದಿದ್ದರೆ

ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರ ಗೋದಾಮಿನಲ್ಲಿ ಈಗಲೂ ವಿಂಡೋಸ್ ಎಕ್ಸ್‌ಪಿಯ ಹಳೆ ಲ್ಯಾಪ್‌ಟಾಪ್ ಇದೆ. ಬದಿಯ ಸ್ಲಾಟಿನಲ್ಲಿ ಸೀರಿಯಲ್ ಪೋರ್ಟ್ ಕಾರ್ಡ್, ಅದಕ್ಕೆ ತೂಕದ ಯಂತ್ರ. ನಮ್ಮಲ್ಲೂ ಹಾಗೆಯೇ. ಒಂದು ಮದುವೆಯ ಹಿಂದಿನ ಸಂಜೆ ಅಕ್ಕಿ, ಬೇಳೆ ತೂಗುವ ಹೊತ್ತಿಗೆ ಹುಡುಗ ಅದನ್ನು ಡಾಕಿಂಗ್ ಸ್ಟೇಷನ್‌ಗೆ ಕೂರಿಸಿದ. ಪರದೆಯಲ್ಲಿ ತೂಕ ಬರಲೇ ಇಲ್ಲ. "ಕಾರ್ಡ್ ಸುಟ್ಟಿದೆ ಸಾರ್" ಅಂದ.

ಹೊಸದು ತರಲು ಓಡುವ ಮುನ್ನ ಲ್ಯಾಪ್‌ಟಾಪ್ ಬಂದ್ ಮಾಡಿ, ಡಾಕ್‌ನಿಂದ ತೆಗೆದು, ಮತ್ತೆ ಚಾಲೂ ಮಾಡಿ. ಆಗ ತೂಕ ಬಂದರೆ ಕಾರ್ಡ್ ಸರಿಯಿದೆ. ನಮ್ಮದು ಬಂತು.

ಎಕ್ಸ್‌ಪಿ ಡಾಕ್‌ನಲ್ಲಿರುವಾಗ ಒಂದು, ಹೊರಗಿರುವಾಗ ಇನ್ನೊಂದು ಹಾರ್ಡ್‌ವೇರ್ ಪ್ರೊಫೈಲ್ ಇಟ್ಟುಕೊಳ್ಳಬಲ್ಲದು. ಒಂದರಲ್ಲಿ ನಡೆಯುವ ಕಾರ್ಡ್ ಇನ್ನೊಂದರಲ್ಲಿ ನಿಷ್ಕ್ರಿಯವಾಗಿರಬಹುದು. ಡಾಕ್‌ನಲ್ಲಿಟ್ಟೇ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕಾರ್ಡಿನ ಮೇಲೆ ಕೆಂಪು ಗುರುತಿದ್ದರೆ ಎನೇಬಲ್ ಮಾಡಿದರಾಯಿತು. ಹಳದಿ ಗುರುತು, ಕೋಡ್ 12 ಎಂದಿದ್ದರೆ ಅದಕ್ಕೆ ಬೇಕಾದ ಜಾಗವನ್ನು ಬೇರೊಂದು ಸಾಧನ ಹಿಡಿದಿದೆ ಎಂದರ್ಥ. ಅನೇಕ ಸಲ ಅದು ಡಾಕ್‌ನದೇ ಸೀರಿಯಲ್ ಪೋರ್ಟ್. ಬಳಸದಿದ್ದರೆ ಅದನ್ನು ಡಿಸೇಬಲ್ ಮಾಡಿ, ಮತ್ತೆ ಚಾಲೂ ಮಾಡಿ. ನಮ್ಮಲ್ಲಿ ಹಿಂದೊಮ್ಮೆ ಹಳದಿ ಗುರುತು ಕಂಡ ಯಾರೋ ಕಾರ್ಡನ್ನೇ ಡಿಸೇಬಲ್ ಮಾಡಿದ್ದರು!

ಗುರುತೇನೂ ಇಲ್ಲದೆ ತೂಕ ಬಾರದಿದ್ದರೆ ಕಾಮ್ ಪೋರ್ಟ್ ಸಂಖ್ಯೆ ನೋಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ 1 ಕೇಳುತ್ತಿದ್ದು ಕಾರ್ಡ್ ಕಾಮ್ 4ರಲ್ಲಿದ್ದರೆ ಸಾಫ್ಟ್‌ವೇರಿನಲ್ಲೇ ಬದಲಿಸುವುದು ಸುಲಭ. ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿ ಪರಿವರ್ತಕ ಹಾಕಿದವರಿಗೂ ಈ ತೊಂದರೆ ಬರುತ್ತದೆ: ಡಾಕ್‌ನ ಬೇರೆ ತೂತಿಗೆ ಚುಚ್ಚಿದರೆ ಎಷ್ಟೋ ಸಲ ಸಂಖ್ಯೆ ಬದಲಾಗುತ್ತದೆ. ಒಂದೇ ತೂತಿಗೆ ಬಣ್ಣದ ಟೇಪ್ ಅಂಟಿಸಿಡಿ.

ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಅಂಥ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಡಬೇಡಿ, ತೂಗಲಿಕ್ಕೆ ಮಾತ್ರ ಇರಲಿ.