ಬಟ್ಟಲನ್ನು ಬೋರಲು ಹಾಕಿ ನೋಡಿ: ಹಳೆಯ ಸ್ಟುಡಿಯೊ ಪಾಟರಿ ಸಂಗ್ರಹಕ್ಕೆ ಆರು ಹಂತ

ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ ಡಬ್ಲ್ಯು. ಎ. ಇಸ್ಮೇ ಎಂಬ ಗ್ರಂಥಪಾಲಕರಿದ್ದರು. 1955ರಲ್ಲಿ ಸ್ಟುಡಿಯೊ ಪಾಟರಿ, ಅಂದರೆ ಕುಂಬಾರರು ಸಣ್ಣ ಕಾರ್ಯಾಗಾರಗಳಲ್ಲಿ ಕೈಯಾರೆ ಮಾಡಿದ ಪಾತ್ರೆ, ಕೊಳ್ಳಲು ಶುರುಮಾಡಿದ ಅವರು 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಸಣ್ಣ ಮನೆಯಲ್ಲಿ 3,600ಕ್ಕೂ ಹೆಚ್ಚು ಪಾತ್ರೆಗಳಿದ್ದವು. ಈ ಹವ್ಯಾಸಕ್ಕೆ ಶ್ರೀಮಂತಿಕೆಗಿಂತ ಪಳಗಿದ ಕಣ್ಣು ಮುಖ್ಯ. ಬ್ರಿಟನ್ನಿನಲ್ಲಿರುವವರು, ಅಲ್ಲಿಗೆ ಹೋಗಿಬರುವವರು ಹೀಗೆ ಶುರುಮಾಡಬಹುದು.

ಹಂತ 1: ಗಡಿ ಹಾಕಿಕೊಳ್ಳಿ

ಕಂಡದ್ದೆಲ್ಲ ಕೊಂಡರೆ ಮನೆ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಒಂದೇ ಕಾರ್ಯಾಗಾರವನ್ನು ಹಿಡಿಯಿರಿ. ಕುಂಬಾರರಾದ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾದಾ 1920ರಲ್ಲಿ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ ಕಟ್ಟಿದ ಲೀಚ್ ಪಾಟರಿ ಹೊಸಬರಿಗೆ ಹೇಳಿಮಾಡಿಸಿದ್ದು. ಲೀಚ್ ಅವರದೇ ಕೈಯ ಬಟ್ಟಲು ದುಬಾರಿ. ಆದರೆ ಅಲ್ಲಿನ ಕುಶಲಿಗರು ದಿನಬಳಕೆಗೆಂದು ಮಾಡುತ್ತಿದ್ದ ‘ಸ್ಟ್ಯಾಂಡರ್ಡ್ ವೇರ್’ ಬಟ್ಟಲುಗಳು ಇವತ್ತಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ.

ಹಂತ 2: ಕೊಳ್ಳುವ ಮುನ್ನ ಕಣ್ಣು ತುಂಬಿಸಿಕೊಳ್ಳಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನೋಡಿ. ಇಸ್ಮೇ ಸಂಗ್ರಹವಿರುವ ಯಾರ್ಕ್ ಆರ್ಟ್ ಗ್ಯಾಲರಿಗೂ ಹೋಗಿ. ವಿಯೆನ್ನಾದಿಂದ 1938ರಲ್ಲಿ ಲಂಡನ್ನಿಗೆ ಬಂದ ಕಲಾವಿದೆ ಲೂಸಿ ರೀ ಅವರ ತೆಳು ಅಂಚಿನ, ಕಿರಿದಾದ ಬುಡದ ಬಟ್ಟಲನ್ನು ಲೀಚ್ ಪಾಟರಿಯ ದಪ್ಪ ಬಟ್ಟಲಿನ ಜತೆ ಹೋಲಿಸಿ. ಕೈಯಿಂದ ಕೈಗೆ ಎಷ್ಟು ವ್ಯತ್ಯಾಸ ಎಂಬುದು ಅಲ್ಲೇ ತಿಳಿಯುತ್ತದೆ.

ಹಂತ 3: ಬೋರಲು ಹಾಕಿ

ಬಟ್ಟಲಿನ ನಿಜ ಗೊತ್ತಾಗುವುದು ಬುಡದಲ್ಲಿ. ಅಲ್ಲಿ ಗ್ಲೇಜ್ (ಗಾಜಿನಂಥ ಲೇಪ) ನಿಂತು ಸಾಮಾನ್ಯವಾಗಿ ಬರಿಯ ಮಣ್ಣು ಕಾಣುತ್ತದೆ. ತಿಗರಿಯ ಮೇಲೆ ಮಾಡಿದ್ದಾದರೆ ಒಳಮೈಯಲ್ಲಿ ಬೆರಳಿನ ಸುತ್ತುಗೆರೆ, ಬುಡದ ಸುತ್ತ ಹೆರೆದ ಗುರುತು ಇರುತ್ತವೆ. ಅಚ್ಚಿನಲ್ಲಿ ಎರೆದದ್ದರ ದಪ್ಪ ಎಲ್ಲ ಕಡೆ ಒಂದೇ ಸಮ. ಕೆಲವೊಮ್ಮೆ ಜೋಡಣೆಯ ಗೆರೆಯೂ ಕಾಣುತ್ತದೆ. ವರ್ಷಗಟ್ಟಲೆ ಬಳಸಿದ ಬಟ್ಟಲು ನೆಲಕ್ಕೆ ತಾಗುವ ಸುತ್ತಿನಲ್ಲಷ್ಟೇ ನುಣುಪಾಗಿರುತ್ತದೆ. ಸಂದುಗೊಂದೆಲ್ಲ ಒಂದೇ ಸಮ ಕಂದಾಗಿದ್ದರೆ, ಯಾರೋ ಬಣ್ಣ ಬಳಿದು ಹಳತು ಮಾಡಿರಬಹುದು.

ಹಂತ 4: ಮುದ್ರೆಯನ್ನು ಕೊನೆಗೆ ನಂಬಿ

ಸೇಂಟ್ ಐವ್ಸ್ ಮುದ್ರೆಯಲ್ಲಿ ‘ಎಸ್’ ಮತ್ತು ‘ಐ’ ಒಂದರ ಮೇಲೊಂದು ಕೂತಿರುತ್ತವೆ; ರೀ ಅವರದು ‘ಎಲ್ ಆರ್’. ಆದರೆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. 1980ರ ಸುಮಾರಿಗೆ ಇಂಗ್ಲೆಂಡಿನ ಒಂದು ಜೈಲಿನ ಪಾಟರಿ ತರಗತಿಯಲ್ಲಿ ಕೈದಿಗಳು ಮಾಡಿದ ನಕಲಿ ‘ಲೀಚ್’ ಪಾತ್ರೆಗಳು ಹರಾಜಿನವರೆಗೂ ಹೋಗಿದ್ದವು! ಇನ್ನೊಂದು ಕಡೆ, ಜಪಾನಿಗೆ ಮರಳಿದ ಮೇಲೆ ಹಮಾದಾ ತಮ್ಮ ಪಾತ್ರೆಗಳಿಗೆ ಸಹಿಯನ್ನೇ ಹಾಕಲಿಲ್ಲ. ಮಣ್ಣು, ಆಕಾರ, ಗ್ಲೇಜ್ ಮೂರೂ ಹೊಂದಿದ ಮೇಲೆ ಮುದ್ರೆ ನೋಡಿ.

ಹಂತ 5: ತಟ್ಟಿ, ಸವರಿ, ಆಮೇಲೆ ಕೊಳ್ಳಿ

ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ಬಟ್ಟಲನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಬೆಂದ ಗಟ್ಟಿ ಪಾತ್ರೆ) ಗಣ್ಣೆನ್ನದೆ ಮಂಕಾಗಿ ಸದ್ದು ಮಾಡಿದರೆ ಬಿರುಕನ್ನು ಹುಡುಕಿ. ಕಣ್ಣು ಮುಚ್ಚಿ ಅಂಚನ್ನು ಸವರಿ; ಚಕ್ಕೆ ಹಾರಿದ್ದು, ತುಂಬಿ ಬಣ್ಣ ಹಚ್ಚಿದ್ದು ಬೆರಳಿಗೆ ತಿಳಿಯುತ್ತದೆ. ಅಲ್ಟ್ರಾವಯೊಲೆಟ್ ಟಾರ್ಚ್ ಹಿಡಿದರೆ ರಿಪೇರಿಯಾದ ಜಾಗ ಬೇರೆಯಾಗಿ ಹೊಳೆಯುವುದುಂಟು. ಚಾರಿಟಿ ಅಂಗಡಿ, ಕಾರಿನ ಡಿಕ್ಕಿಯಲ್ಲಿಟ್ಟು ಹಳೆ ಸಾಮಾನು ಮಾರುವ ಕಾರ್ ಬೂಟ್ ಸೇಲ್‌ಗಳಿಂದ ಆರಂಭಿಸಿ. ಹರಾಜಿಗೆ ಹೋದರೆ ಕೂಗಿದ ಬೆಲೆಯ ಮೇಲೆ ಕಮಿಷನ್ನೂ ಸೇರುತ್ತದೆ. ಎಷ್ಟೆಂದು ಮೊದಲೇ ಕೇಳಿಕೊಳ್ಳಿ.

ಹಂತ 6: ಬಳಸಿ, ಬರೆದಿಡಿ

ಸ್ಟೋನ್‌ವೇರ್ ಸುಮಾರು 1,250ರಿಂದ 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಗಟ್ಟಿಯಾದದ್ದು. ಬಿರುಕಿಲ್ಲದಿದ್ದರೆ ದಿನಬಳಕೆಯ ಸ್ಟ್ಯಾಂಡರ್ಡ್ ವೇರ್‌ನಲ್ಲಿ ಅನ್ನ-ಸಾರು ಉಣ್ಣಬಹುದು. ಡಿಶ್‌ವಾಷರ್ ಬೇಡ, ಕೈಯಲ್ಲೇ ತೊಳೆಯಿರಿ. ಕಡಿಮೆ ಶಾಖದಲ್ಲಿ ಬೆಂದ ಹಳೆಯ ಅರ್ದನ್‌ವೇರ್‌ನ ಗ್ಲೇಜ್‌ನಲ್ಲಿ ಸೀಸ ಇರಬಹುದು. ಮೊಸರು, ಉಪ್ಪಿನಕಾಯಿ, ಹುಳಿ ಬಿಡಿ, ಯಾವ ಊಟಕ್ಕೂ ಅದು ಬೇಡ, ಶೆಲ್ಫಿನಲ್ಲಿರಲಿ. ಒಂದರೊಳಗೊಂದು ಇಡುವುದಾದರೆ ನಡುವೆ ಬಟ್ಟೆ ಹಾಕಿ.

ಪ್ರತಿ ಬಟ್ಟಲಿಗೂ ಕೊಂಡ ಜಾಗ, ದಿನ, ಬೆಲೆ, ಬುಡದ ಫೋಟೊ ದಾಖಲಾಗಿರಲಿ. ಐದಾದ ಮೇಲೆ ಸಾಲಾಗಿ ಬೋರಲಿಟ್ಟು ನೋಡಿ, ತೀರಾ ಸಾಧಾರಣ ಅನಿಸಿದ್ದನ್ನು ಮಾರಿ, ಆ ದುಡ್ಡನ್ನು ಆರನೆಯದಕ್ಕೆ ಹಾಕಿ.