ನಡುವಿನ ತಂತಿ

ಚಿಕ್ಕಬಳ್ಳಾಪುರದ ಬಳಿ ತಲೆಯೆತ್ತಿ ನಿಂತಿರುವ ಸ್ಕಂದಗಿರಿಗೆ ಕಳವಾರದುರ್ಗವೆಂಬ ಇನ್ನೊಂದು ಹೆಸರೂ ಉಂಟು. ಅದರ ಸುತ್ತಲಿನ ಪ್ರದೇಶವು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಚಿನ್ನದ ಗಣಿಗಳಿಗೆ 1902ರಲ್ಲಿ ಕಾವೇರಿ ತೀರದ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ನಡುವಣ ದೂರ ಸುಮಾರು 147 ಕಿಲೋಮೀಟರು. ಜಲಪಾತದಲ್ಲಿ ಶಕ್ತಿಯಿತ್ತು, ಗಣಿಯಲ್ಲಿ ಕೆಲಸವಿತ್ತು. ದಾರಿಯಲ್ಲಿ ಎಷ್ಟು ನಷ್ಟವಾದೀತು ಎಂಬುದೇ ಪ್ರಶ್ನೆ. ತಂತಿಯು ತನ್ನಲ್ಲಿ ಹರಿಯುವ ಶಕ್ತಿಯ ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ. ಪ್ರವಾಹ ಇಮ್ಮಡಿಯಾದರೆ ಈ ನಷ್ಟ ನಾಲ್ಮಡಿಯಾಗುತ್ತದೆ. ಆದುದರಿಂದ ವೋಲ್ಟೇಜನ್ನು ಬಹಳವಾಗಿ ಏರಿಸಿ, ಪ್ರವಾಹವನ್ನು ತಗ್ಗಿಸಿ, ವಿದ್ಯುತ್ತನ್ನು ಕಳುಹಿಸಿದರು.

ನೂರಾರು ಕಿಲೋಮೀಟರಿಗೆ ಅನ್ವಯಿಸುವ ಈ ನಿಯಮವೇ ಪ್ರಯೋಗಾಲಯದ ಮೇಜಿನ ಮೇಲಿನ ಒಂದು ಮೀಟರು ತಂತಿಗೂ ಅನ್ವಯಿಸುತ್ತದೆ. ಸ್ಕಂದಗಿರಿಯ ತಪ್ಪಲಿನ ಶಾಲೆಯೊಂದರ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. ರೇಷ್ಮೆಹುಳು ಸಾಕುವ ಮನೆಯಲ್ಲಿ ಸೆಕೆ ಹೆಚ್ಚಿದಾಗ ತಾನಾಗಿ ತಿರುಗುವ ಪುಟ್ಟ ಫ್ಯಾನೊಂದನ್ನು ಅವಳು ವಿಜ್ಞಾನ ಪ್ರದರ್ಶನಕ್ಕೆಂದು ಸಿದ್ಧಪಡಿಸಿದ್ದಾಳೆ. ಅದಕ್ಕೆ ಬೇಕಾದುದು 5 ವೋಲ್ಟು. ಎಳೆಯುವ ಪ್ರವಾಹ 3 ಆಂಪಿಯರು. ಪವರ್ ಸಪ್ಲೈ ಪೆಟ್ಟಿಗೆಗೆ ಜೋಡಿಸಿದರೆ ಫ್ಯಾನು ತಡವರಿಸಿ ನಿಲ್ಲುತ್ತದೆ. ಒಂದು ತಿಂಗಳ ಶ್ರಮ ವ್ಯರ್ಥವಾಯಿತೆಂದು ಅವಳು ಯಂತ್ರವನ್ನು ಬಿಚ್ಚಲು ಹೊರಡುತ್ತಾಳೆ.

“ಬಿಚ್ಚಬೇಡಮ್ಮ, ಮೊದಲು ತಂತಿಯ ಆ ತುದಿಯಲ್ಲಿ ಅಳೆದು ನೋಡು” ಎನ್ನುತ್ತಾರೆ ಉಪಾಧ್ಯಾಯರು.

“ಪೆಟ್ಟಿಗೆ ಐದು ವೋಲ್ಟು ತೋರಿಸುತ್ತಿದೆಯಲ್ಲ, ಸಾರ್?”

“ಪೆಟ್ಟಿಗೆ ತನ್ನ ಮನೆಯ ಸುದ್ದಿ ಹೇಳುತ್ತದೆ. ನೆರೆಮನೆಯ ಸುದ್ದಿಯನ್ನು ಅಲ್ಲಿಗೇ ಹೋಗಿ ಕೇಳಬೇಕು.”

ಅಳೆದಾಗ ಅಲ್ಲಿ ದೊರೆತದ್ದು ನಾಲ್ಕೂವರೆ ವೋಲ್ಟು ಮಾತ್ರ. ತಂತಿಯ ತಾಮ್ರದ ಅಡ್ಡಕೊಯ್ತ 0.2 ಚದರ ಮಿಲಿಮೀಟರು; ಹೋಗುವ ದಾರಿ ಒಂದು ಮೀಟರು, ಮರಳುವ ದಾರಿ ಇನ್ನೊಂದು. ಎರಡೂ ಸೇರಿ ರೋಧ ಸುಮಾರು 0.17 ಓಮ್. 3 ಆಂಪಿಯರು ಹರಿದರೆ ಅರ್ಧ ವೋಲ್ಟು ದಾರಿಯಲ್ಲೇ ಕಳೆಯುತ್ತದೆ. ಇಲ್ಲಿ ಶಿವನಸಮುದ್ರದ ಉಪಾಯ ನಡೆಯದು. ಪೆಟ್ಟಿಗೆಯ ವೋಲ್ಟೇಜನ್ನು ಏರಿಸಿಟ್ಟರೆ, ಫ್ಯಾನು ನಿಂತು ಪ್ರವಾಹ ತಗ್ಗಿದೊಡನೆ ಹೆಚ್ಚಿನ ವೋಲ್ಟೇಜು ಯಂತ್ರವನ್ನೇ ಕೆಡಿಸೀತು. ಉಳಿದ ದಾರಿ ಒಂದೇ: ತಂತಿ ದಪ್ಪವಾಗಬೇಕು, ಗಿಡ್ಡವಾಗಬೇಕು. 1.5 ಚದರ ಮಿಲಿಮೀಟರಿನ ತಂತಿಯಾದರೆ ಅಷ್ಟೇ ಉದ್ದದಲ್ಲಿ ನಷ್ಟ 0.07 ವೋಲ್ಟಿಗೆ ಇಳಿಯುತ್ತದೆ.

ದಪ್ಪವೊಂದೇ ಸಾಲದು. ಒಂಟಿ ಎಳೆಯ ತಂತಿ ಬಾಗಿ ಬಾಗಿ ಮುರಿಯುತ್ತದೆ. ಕೂದಲಿನಂತಹ ನೂರಾರು ಎಳೆಗಳನ್ನು ಹೊಸೆದದ್ದು ಬಳ್ಳಿಯಂತೆ ಬಳುಕುತ್ತದೆ. ಸಿಲಿಕೋನ್ ಹೊದಿಕೆ ಮೃದುವಾಗಿರುವುದಲ್ಲದೆ, ಬೆಸುಗೆಯ ಕಾವಿಗೂ ಕರಗದು. ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡುವುದು ಜಾಣತನ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಇದ್ದೀತು. ಅದರ ರೋಧ ಹೆಚ್ಚು.

ಪೆಟ್ಟಿಗೆಯ ಕಡೆಗೆ 4 ಮಿಲಿಮೀಟರಿನ ಬನಾನಾ ಪ್ಲಗ್ಗು, ಯಂತ್ರದ ಕಡೆಗೆ ಮೊಸಳೆ ಕ್ಲಿಪ್ಪು ಬೇಕಾಗುತ್ತದೆ. ಪ್ಲಗ್ಗಿನ ಸ್ಪ್ರಿಂಗು ಸಡಿಲವಾಗಿದ್ದರೆ, ಅಥವಾ ಕ್ಲಿಪ್ಪಿನ ಹಲ್ಲು ತುಕ್ಕು ಹಿಡಿದಿದ್ದರೆ, ದಪ್ಪ ತಂತಿಯಿಂದಲೂ ಪ್ರಯೋಜನವಿಲ್ಲ. ತಿರುಪಿನಿಂದ ಬಿಗಿಯುವ ತುದಿಗೆ ಮೊದಲೇ ಬೆಸುಗೆ ತುಂಬಬಾರದು. ಒತ್ತಡಕ್ಕೆ ಬೆಸುಗೆ ಮೆಲ್ಲನೆ ಜರುಗಿ ಹಿಡಿತ ಸಡಿಲವಾಗುತ್ತದೆ. ಬೆಸೆದ ಕಡೆಯಲ್ಲಿ, ಬೆಸುಗೆ ಮುಗಿಯುವೆಡೆಯೇ ತಂತಿ ಮುರಿಯುವ ಜಾಗ. ಅಲ್ಲಿಗೆ ರಬ್ಬರಿನ ಕೊಳವೆಯ ಆಸರೆ ಬೇಕು. ಧನಕ್ಕೆ ಕೆಂಪು, ಋಣಕ್ಕೆ ಕಪ್ಪು ಎಂಬ ಕ್ರಮವನ್ನು ಎಂದೂ ತಪ್ಪಿಸಬಾರದು. ಬರಿಯ ಕ್ಲಿಪ್ಪುಳ್ಳ ಈ ತಂತಿಗಳನ್ನು ಮನೆಯ 230 ವೋಲ್ಟಿನ ವಿದ್ಯುತ್ತಿಗೆ ಎಂದಿಗೂ ಜೋಡಿಸಬಾರದು. ಅದು ಪ್ರಾಣಕ್ಕೇ ಅಪಾಯ.

ಹೊಸ ತಂತಿ ಸಿದ್ಧವಾಯಿತು. ಯಂತ್ರದಲ್ಲಿ ಒಂದು ತಿರುಪನ್ನೂ ಸಡಿಲಿಸಿರಲಿಲ್ಲ. ಫ್ಯಾನು ತಡವರಿಸದೆ ತಿರುಗಿತು. ದೋಷವಿದ್ದದ್ದು ಯಂತ್ರದಲ್ಲಲ್ಲ, ನಡುವಿನ ತಂತಿಯಲ್ಲಿ. ಫಲ ಕೈಗೂಡದಾಗ ಮಾಡಿದ ಕೆಲಸವನ್ನೇ ಕೆಡವಲು ಹೊರಡುವುದು ಸುಲಭ. ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಏನಿದೆಯೆಂದು ಅಳೆದು ನೋಡುವವನೇ ನಿಜವಾದ ಪರೀಕ್ಷಕ.

ಅಭ್ಯಾಸ

1. ಶಿವನಸಮುದ್ರದ ವಿದ್ಯುತ್ತನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕಳುಹಿಸಿದುದೇಕೆ? ಆ ಉಪಾಯ ಪ್ರಯೋಗಾಲಯದ ಮೇಜಿನ ಮೇಲೆ ಏಕೆ ಸಲ್ಲದು?
2. “ಪೆಟ್ಟಿಗೆ ತನ್ನ ಮನೆಯ ಸುದ್ದಿ ಹೇಳುತ್ತದೆ” – ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.