ಹಾಡಿಗೆ ಎಷ್ಟು ಸೆಕೆಂಡು?

ತ.ಸು. ವೆಂಕಣ್ಣಯ್ಯ, ತ.ರಾ.ಸು. ಈ ಇಬ್ಬರ ಹೆಸರಿನ ಮೊದಲಿಗಿರುವ ‘ತ’ ಅಂದ್ರೆ ತಳಕು (ತಳುಕು ಅಂತಲೂ ಬರೀತಾರೆ). ಇದು ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ, ವಿಧಾನಸಭೆ ಲೆಕ್ಕದಲ್ಲಿ ಮೊಳಕಾಲ್ಮುರು ಕ್ಷೇತ್ರ. ಕನ್ನಡ ಪ್ರಾಧ್ಯಾಪಕರನ್ನೂ ‘ದುರ್ಗಾಸ್ತಮಾನ’ದ ಕಾದಂಬರಿಕಾರರನ್ನೂ ಕೊಟ್ಟ ಮನೆತನದ ಊರು.

ಅದೇ ಸೀಮೆಯಲ್ಲಿ ಅಕ್ಷರದ ಹಂಗಿಲ್ಲದ ಇನ್ನೊಂದು ಸಾಹಿತ್ಯವೂ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಆದರೂ ಸಾವಿರಾರು ಪದಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರು ಅವುಗಳನ್ನು ಸಂಗ್ರಹಿಸಿ ಪುಸ್ತಕಕ್ಕೆ ತಂದರು. ಕಾಡುಗೊಲ್ಲರ ಜುಂಜಪ್ಪ, ಮ್ಯಾಸಬೇಡರ ಗಾದ್ರಿಪಾಲನಾಯಕ, ಇವರ ಕಾವ್ಯಗಳೂ ಬಾಯಿಂದ ಬಾಯಿಗೆ ಬಂದವೇ. ಇಂಥ ಹಾಡುಗಳು ಈಗ ಮೊಬೈಲಿಗೆ ಬಂದರೆ ಏನಾಗುತ್ತೆ?

ಮೂರು ನಿಮಿಷದ ಲೆಕ್ಕ

ಮಾಧ್ಯಮ ಹಾಡನ್ನು ಬರೀ ಹೊತ್ತು ತರೋದಿಲ್ಲ, ಅದರ ಅಳತೆಯನ್ನೂ ಬದಲಿಸುತ್ತೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸ್ತಿದ್ದದ್ದು ಸುಮಾರು ಮೂರೇ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗ ಅಷ್ಟರಲ್ಲೇ ಮುಗಿಯಬೇಕಿತ್ತು.

ಈಗ ನಮ್ಮ ಕಾಲಕ್ಕೆ ಬನ್ನಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧ ಆಯ್ತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಎರಡೂ ಶುರುವಾಗಿದ್ದು 15 ಸೆಕೆಂಡಿನಿಂದ. 2024ರ ಅಕ್ಟೋಬರ್‌ನಲ್ಲಿ ಶಾರ್ಟ್ಸ್ ಮೂರು ನಿಮಿಷಕ್ಕೆ ಬೆಳೀತು. ಅಂದ್ರೆ ಗ್ರಾಮೊಫೋನ್ ತಟ್ಟೆಯ ಅಳತೆಗೇ ವಾಪಸ್!

ಆದ್ರೆ ಒಂದು ವ್ಯತ್ಯಾಸ ಇದೆ. ತಟ್ಟೆಯ ಮಿತಿ ಅದರ ಗಾತ್ರದ್ದು, ಭೌತಶಾಸ್ತ್ರದ್ದು. ಇವತ್ತಿನ ಮಿತಿ ವಿನ್ಯಾಸದ್ದು. ನೋಡೋರು ಎಷ್ಟು ಹೊತ್ತು ನಿಂತರು, ಯಾವಾಗ ಸ್ವೈಪ್ ಮಾಡಿದರು ಅನ್ನೋದನ್ನ ಅಲ್ಗಾರಿದಂ ಎಣಿಸುತ್ತೆ. ಕಥನಗೀತೆಯೋ ದೇವರನ್ನು ನೆನೆದು, ನಿಧಾನಕ್ಕೆ ಶುರುವಾಗೋದು. ಅಷ್ಟರಲ್ಲಿ ನಮ್ಮ ಹೆಬ್ಬೆರಳು ಮೇಲಕ್ಕೆ ಹೋಗಿರುತ್ತೆ. ಕೊನೆಗೆ ಉಳಿಯೋದು ಬೀಟ್ ಸೇರಿಸಿದ ನಾಲ್ಕು ಸಾಲು, ಕೆಳಗೆ ‘ಜನಪದ’ ಅನ್ನೋ ಒಂದು ಹ್ಯಾಶ್‌ಟ್ಯಾಗ್. ಹಾಡಿದ್ದು ಯಾರು, ಯಾವ ಹಟ್ಟಿ, ಮದುವೆಯಲ್ಲೋ ಜಾತ್ರೆಯಲ್ಲೋ, ಯಾವುದೂ ಇರಲ್ಲ.

ತಪ್ಪು ಫೋನಿನದ್ದೇನಾ?

ಪೂರ್ತಿ ಅಲ್ಲ. ಬೀಸುವ ಪದ ನಿಂತಿದ್ದು ರೀಲ್ಸ್‌ನಿಂದಲ್ಲ, ಬೀಸುವ ಕಲ್ಲೇ ಮೂಲೆ ಸೇರಿದ್ದರಿಂದ. ಹಿಟ್ಟಿನ ಗಿರಣಿ, ಮಿಕ್ಸಿ ಬಂದ ಮೇಲೆ ಆ ಹಾಡಿಗೆ ಕೆಲಸವೇ ಇರಲಿಲ್ಲ. ಫೋನಿನಿಂದ ಲಾಭವೂ ಇದೆ. ಹಿಂದೆ ಸಂಗ್ರಹಕಾರರು ಟೇಪ್ ರೆಕಾರ್ಡರ್ ಹೊತ್ತು ಹಟ್ಟಿ ಹಟ್ಟಿ ತಿರುಗಬೇಕಿತ್ತು. ಈಗ ಪ್ರತಿ ಜೇಬಲ್ಲೂ ಅದಕ್ಕಿಂತ ಒಳ್ಳೆ ರೆಕಾರ್ಡರ್ ಇದೆ. ಕೆಲಸಕ್ಕೆ ಅಂತ ಬೆಂಗಳೂರು ಸೇರಿದವರು ತಮ್ಮೂರ ಪದವನ್ನು ಬಸ್ಸಲ್ಲೇ ಕೇಳಬಹುದು.

ನಾವೇನು ಮಾಡಬಹುದು?

ರಜೆಗೆ ಊರಿಗೆ ಹೋದಾಗ ಅಜ್ಜಿಯದ್ದೋ ಪಕ್ಕದ ಮನೆಯವರದ್ದೋ ಒಂದು ಹಾಡು ರೆಕಾರ್ಡ್ ಮಾಡಿ. ಆದ್ರೆ ಹೀಗೆ:

1. ಮೊದಲು ಕೇಳಿ, ಒಪ್ಪಿದರೆ ಮಾತ್ರ. ಹಾಡು ಎಷ್ಟೇ ಹಳೆಯದಿರಲಿ, ಹಾಡಿದವರಿಗೆ ಆ ಗಾಯನದ ಮೇಲೆ ಕೃತಿಸ್ವಾಮ್ಯ ಕಾಯ್ದೆಯಡಿ 50 ವರ್ಷ ಪ್ರದರ್ಶಕರ ಹಕ್ಕು ಇರುತ್ತೆ.
2. ಪೂರ್ತಿ ಹಾಡು ತಗೊಳ್ಳಿ, ಮಧ್ಯೆ ಕತ್ತರಿಸಬೇಡಿ. ಮೂಲ ಫೈಲ್ ಬೇರೆ ಇಡಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕಂಪ್ರೆಸ್ ಆಗಿರಬಹುದು.
3. ಹಾಡಿದವರು ಒಪ್ಪಿದ ಹೆಸರು, ಊರು, ದಿನಾಂಕ, ಯಾವಾಗ ಹಾಡೋದು, ಯಾರಿಂದ ಕಲಿತರು, ಇಷ್ಟನ್ನೂ ಬರೆದಿಡಿ.
4. ಸಾಲುಗಳನ್ನು ಯುನಿಕೋಡ್ ಕನ್ನಡದಲ್ಲಿ, ಅವರ ಉಚ್ಚಾರಣೆಯಲ್ಲೇ ಟೈಪ್ ಮಾಡಿ. ‘ತಿದ್ದಬೇಡಿ’.

ಮೂರನೆಯದು ಸಣ್ಣದಲ್ಲ. ಇದೇ ಚಳ್ಳಕೆರೆಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನ ತಾನಾಗೇ ಇಳಿಯಿತು. ಅಂಥ ಪರೀಕ್ಷೆಯಲ್ಲಿ ಸಮಯ ದಾಖಲಾಗದ ಡೇಟಾ ಯಾರಿಗೂ ಬೇಡ ಅನ್ನೋದು ಎಂಜಿನಿಯರಿಂಗ್ ಓದೋ ನಮಗೆ ಗೊತ್ತು. ಹಾಡಿಗೂ ಅದೇ ಶಿಸ್ತು ಬೇಕು. ರೀಲ್ ಆಮೇಲೆ ಮಾಡೋಣ, ಅಜ್ಜಿಯ ಹೆಸರು ಹಾಕಿಯೇ.